ಅಣಬೆ ಟೋಪಿ ಸಿಸ್ಟರ್

ಟೋಪಿ ಎಂದರೆ ನನಗೆ ಮೊದಲಿನಿಂದಲೂ ಆಗದು. ನನ್ನ ಮದುವೆಯಲ್ಲಿ ಪೇಟ ಕಟ್ಟಲು ಬಂದ ಸೋದರಮಾವನ ಜೊತೆ ಜಗಳಕ್ಕೆ ನಿಂತವನು ನಾನು. ಈಗ ತಲೆ ಪೂರ್ತಿ ಬೋಳಾಗಿದೆ, ಮಾಗಿಯ ಚಳಿಗೆ ಹೆಂಡತಿ ಮಫ್ಲರ್ ತಂದು ಕೈಗಿಟ್ಟರೂ ಬೇಡ ಎನ್ನುತ್ತೇನೆ. ಅಂಥ ನಾನು ಒಂದು ಟೋಪಿಯ ವಿಷಯ, ಅದನ್ನು ಹೆಣೆಯುತ್ತಿದ್ದ ಒಬ್ಬ ಹೆಂಗಸಿನ ವಿಷಯ ಬರೆಯಲು ಕೂತಿದ್ದೇನೆ. ಹೋದ ತಿಂಗಳು ಅವರು ತೀರಿಕೊಂಡ ಸುದ್ದಿ ಬಂತು. ಹೆಸರು ಬರೆಯುವುದಿಲ್ಲ. ಬರೆದರೂ ಸರಗೂರಿನ ಸುತ್ತಮುತ್ತ ಯಾರಿಗೂ ಗುರುತು ಹತ್ತುವುದಿಲ್ಲ. ಅಲ್ಲಿ ಎಲ್ಲರ ಬಾಯಲ್ಲೂ ಅವರು ಅಣಬೆ ಟೋಪಿ ಸಿಸ್ಟರ್.

ನಾನು ಕೆ.ಆರ್. ನಗರ ತಾಲ್ಲೂಕಿನವನು, ಹೊಸ ಅಗ್ರಹಾರದ ಕಡೆಯ ಗದ್ದೆಯವರ ಮಗ. ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿ ಕೊಡುವ ಕೆಲಸ ಸಿಕ್ಕಿ, ತೊಂಬತ್ತರ ದಶಕದ ಶುರುವಿನಲ್ಲಿ ಸರಗೂರಿನಿಂದ ಇನ್ನೂ ಒಳಗಿನ ಒಂದು ಹಳ್ಳಿಗೆ ಬಂದು ಬಿದ್ದೆ. ಬಸ್ಸು ಇಳಿದಾಗ ನಡು ಮಧ್ಯಾಹ್ನ, ಯುಗಾದಿ ಕಳೆದ ಮೇಲಿನ ಬಿಸಿಲು. ಆಸ್ಪತ್ರೆಯ ಜಗಲಿಯ ಮೇಲೆ ಬಿಳಿ ಸೀರೆಯ ಒಬ್ಬರು ಕೂತಿದ್ದರು. ಅವರ ನೆತ್ತಿಯ ಮೇಲೆ ಕರೀ ಉಣ್ಣೆಯ ಟೋಪಿ. ಅಗಲವಾಗಿ, ಚಪ್ಪಟೆಯಾಗಿ, ಅಣಬೆಯ ಕೊಡೆಯ ಹಾಗೆ ಸುತ್ತಲೂ ಹರಡಿಕೊಂಡಿತ್ತು. ನಟ್ಟನಡುವೆ ಒಂದು ಕೆಂಪು ಗೊಂಡೆ. ಅದರ ಬಾಯಿ ತಲೆಗೆ ಸಣ್ಣದಾದ್ದರಿಂದ ತುರುಬಿಗೆ ಎರಡು ಹೇರ್‌ಪಿನ್ ಸಿಕ್ಕಿಸಿ ನಿಲ್ಲಿಸಿದ್ದರು. ಬೆವರು ಕಿವಿಯ ಪಕ್ಕ ಇಳಿಯುತ್ತಿತ್ತು. ಕೈಯಲ್ಲಿ ನಾಲ್ಕು ಸೈಕಲ್ ಕಡ್ಡಿಗಳನ್ನು ಹಿಡಿದು ಅಂಥದೇ ಇನ್ನೊಂದನ್ನು ಹೆಣೆಯುತ್ತಿದ್ದರು. ಅಯ್ಯೋ ಶಿವನೇ, ಇವರಿಗೆ ತಲೆ ನೆಟ್ಟಗಿಲ್ಲ, ಇವರ ಜೊತೆ ಹೇಗಪ್ಪಾ ನೌಕರಿ ಮಾಡುವುದು ಅಂದುಕೊಂಡೆ.

"ಹೊಸಾ ಕಾಂಪೌಂಡ್ರಾ? ಬನ್ನಿ ಬನ್ನಿ. ಊಟ ಆಯ್ತಾ?" ಅಂದರು. ನಾನು ಟೋಪಿಯನ್ನೇ ನೋಡುತ್ತಿದ್ದೆ. "ಇದಾ? ಇದನ್ನ ಹಳೇದ್ ಮಾಡ್ತಾ ಇದೀನಿ ಕಣ್ರೀ" ಅಂದವರೇ ಹೆಣಿಗೆಗೆ ಕೈ ಹಾಕಿದರು, ಅಷ್ಟರಲ್ಲಿ ನನಗೆ ಎಲ್ಲ ಅರ್ಥವಾಯಿತು ಅನ್ನುವ ಹಾಗೆ.

ಅರ್ಥವಾಗಲು ಎರಡು ತಿಂಗಳು ಬೇಕಾಯಿತು. ಆ ಕಡೆಯ ಹಳ್ಳಿಗಳಲ್ಲಿ ಒಂದು ಪದ್ಧತಿ ಇತ್ತು, ನಮ್ಮ ಊರಿನಲ್ಲೂ ಇತ್ತು, ನಾನು ಗಮನಿಸಿರಲಿಲ್ಲ ಅಷ್ಟೇ. ಹುಟ್ಟಿದ ಮಗುವಿಗೆ ಹನ್ನೊಂದು ದಿನ ಕಳೆಯುವ ತನಕ ಹೊಸ ಬಟ್ಟೆ ಸೋಕಿಸಬಾರದು. ಮನೆಯ ಹಿರಿಯರು ಉಟ್ಟು ಹಳತಾದ ಪಂಚೆ ಸೀರೆಯಲ್ಲೇ ಸುತ್ತಿಡಬೇಕು. ಇನ್ನೊಂದು, ಮಗು ಹುಟ್ಟುವ ಮುಂಚೆ ಅದಕ್ಕೆಂದು ಏನನ್ನೂ ಹೊಲಿದಿಡಬಾರದು, ತಂದಿಡಬಾರದು. ಕಾಡಿನ ಅಂಚಿನ ಊರುಗಳು. ಮಾಗಿಯಲ್ಲಿ ಬೆಳಗಿನ ಹೊತ್ತು ಕೊಡಪಾನದ ನೀರು ಮುಟ್ಟಿದರೆ ಕೈ ಕಡಿಯುತ್ತಿತ್ತು. ತಿಂಗಳು ತುಂಬದೆ ಹುಟ್ಟಿದ ಅಂಗೈಯಗಲದ ಕೂಸುಗಳು ಆ ಸವೆದ ಪಂಚೆಯಲ್ಲಿ ಬೆಳಗಾಗುವಷ್ಟರಲ್ಲಿ ತಣ್ಣಗಾಗಿಬಿಡುತ್ತಿದ್ದವು. ಮಗುವಿನ ಮೈಯ ಬಿಸಿ ತಲೆಯಿಂದಲೇ ಹೆಚ್ಚು ಹೋಗುತ್ತದೆ, ಒಂದು ಉಣ್ಣೆಯ ಟೋಪಿ ಇದ್ದರೆ ಎಷ್ಟೋ ಉಳಿಯುತ್ತವೆ ಎಂದು ಸಿಸ್ಟರಿಗೆ ಗೊತ್ತು. ಆದರೆ ಹೊಸ ಟೋಪಿ ಕೊಟ್ಟರೆ ಅತ್ತೆಯೋ ಅಜ್ಜಿಯೋ ಕಿತ್ತು ಪಕ್ಕಕ್ಕಿಡುತ್ತಿದ್ದರು.

ಈ ಟೋಪಿಯ ಹೆಣಿಗೆಯನ್ನು ಸಿಸ್ಟರ್ ಕಲಿತದ್ದು ತರಬೇತಿಯ ಕಾಲದಲ್ಲಿ, ಒಂದು ಮಿಷನ್ ಆಸ್ಪತ್ರೆಯಲ್ಲಿ. ಅಲ್ಲಿನ ಮೇಟ್ರನ್ ಸ್ಕಾಟ್ಲೆಂಡ್ ದೇಶದವರಂತೆ, ಆರಡಿ ಎತ್ತರದ ಮುದುಕಿ. ಆಕೆಯ ಊರಿನಲ್ಲಿ ಕುರಿ ಕಾಯುವವರು, ಹೊಲ ಉಳುವವರು ಎಲ್ಲರ ತಲೆಯ ಮೇಲೂ ಇದೇ ಟೋಪಿ, ಬಾನೆಟ್ ಅನ್ನುತ್ತಾರಂತೆ. ಆ ಹೆಸರು ಹೇಳಿದಾಗೆಲ್ಲ ಆ ಹಳ್ಳಿಯಲ್ಲಿ ಬಾಡಿಗೆ ಜೀಪು ಓಡಿಸುತ್ತಿದ್ದ ಮಾದೇಶ, "ಬಾನೆಟ್ ಅಂದ್ರೆ ನಮ್ ಗಾಡೀದು ಕಣ್ ಸಿಸ್ಟ್ರೇ, ನೀವ್ಯಾಕ್ ತಲೆ ಮ್ಯಾಲ್ ಹೊತ್ಕಂಡಿದ್ದೀರಿ" ಎಂದು ನಗಾಡುತ್ತಿದ್ದ. ಅದನ್ನು ಮಾಡುವ ರೀತಿಯೇ ಬೇರೆ. ಬೇಕಾದ್ದಕ್ಕಿಂತ ತುಂಬ ದೊಡ್ಡದಾಗಿ, ಸಡಿಲವಾಗಿ ಹೆಣೆಯಬೇಕು. ಆಮೇಲೆ ಸೋಪು ಹಾಕಿದ ಕುದಿನೀರಿನಲ್ಲಿ ಅದ್ದಿ ಅದ್ದಿ, ಉಜ್ಜಿ, ಕಲ್ಲಿಗೆ ಬಡಿಯಬೇಕು. ಕುರಿಯ ಉಣ್ಣೆಗೆ ಬಿಸಿನೀರೂ ಪೆಟ್ಟೂ ಬಿದ್ದರೆ ಎಳೆಗೆ ಎಳೆ ಕಚ್ಚಿಕೊಂಡು ಕುಗ್ಗುತ್ತದೆ, ದಟ್ಟವಾಗುತ್ತದೆ, ಗಾಳಿಯೂ ನುಸುಳುವುದಿಲ್ಲ. ಕೊನೆಗೆ ತಟ್ಟೆಗೋ ಚಿಪ್ಪಿಗೋ ಹಾಕಿ ಒಣಗಿಸಿದರೆ ಅದರ ಆಕಾರ ನಿಲ್ಲುತ್ತದೆ.

ನಮ್ಮ ಸಿಸ್ಟರ್ ಈ ಎರಡು ದೇಶಗಳನ್ನೂ ಒಂದು ಮಾಡಿದರು. ಟೋಪಿಯನ್ನು ದೊಡ್ಡದಾಗಿ ಹೆಣೆದು ತಾವೇ ಹಾಕಿಕೊಂಡು ಎಂಟು ಹತ್ತು ದಿನ ಊರೆಲ್ಲ ಓಡಾಡುತ್ತಿದ್ದರು. ಸಂತೆಗೆ ಅದೇ, ಚುಚ್ಚುಮದ್ದಿನ ಸುತ್ತಾಟಕ್ಕೆ ಅದೇ, ಸತ್ತವರ ಮನೆಗೆ ಮಾತಾಡಿಸಲು ಹೋದರೂ ಅದೇ. ಹತ್ತು ಜನ ನೋಡಿದ ಮೇಲೆ ಅದು ಸಿಸ್ಟರ್ ಹಾಕಿ ಹಳತಾದ ಟೋಪಿ, ಮಗುವಿಗೆ ಸೋಕಿಸಲು ಯಾವ ಅಡ್ಡಿಯೂ ಇಲ್ಲ. ಮುಂಚೆಯೇ ಕುಗ್ಗಿಸಿಡುತ್ತಿರಲಿಲ್ಲ, ಕುಗ್ಗಿಸಿದರೆ ಅದು ಹುಟ್ಟದ ಮಗುವಿಗೆ ಮಾಡಿಟ್ಟದ್ದಾಗುತ್ತದಲ್ಲ. ಹೆಂಗಸಿಗೆ ನೋವು ಶುರುವಾಯಿತು, ಕೂಸು ಸಣ್ಣದು ಎಂದು ಕಂಡಿತು ಅಂದರೆ ಆಗ ಪಾತ್ರೆ ಒಲೆಗೇರುತ್ತಿತ್ತು. ಅವರು ಒಳಗೆ ಹೆರಿಗೆಯ ಕೆಲಸ ನೋಡುತ್ತ ನಡುನಡುವೆ ಹಿತ್ತಲಿಗೆ ಬಂದು ಟೋಪಿ ಬಡಿದು ಹೋಗುತ್ತಿದ್ದರು. ಮಗು ಬರುವ ಹೊತ್ತಿಗೆ ಟೋಪಿ ಕೂಸಿನ ತಲೆಯಷ್ಟಾಗಿ, ತೆಂಗಿನ ಚಿಪ್ಪಿನ ಮೇಲೆ, ಕೆಂಡದ ಪಕ್ಕ ಒಣಗುತ್ತಿರುತ್ತಿತ್ತು. ಉಣ್ಣೆ ಚುಚ್ಚಬಾರದೆಂದು ಒಳಗೆ ಆ ಮನೆಯ ಅಜ್ಜನದೇ ಹಳೇ ಪಂಚೆಯ ತುಂಡು ಹೊಲಿಯುತ್ತಿದ್ದರು. ಹೀಗಾಗಿ ಅಜ್ಜಿಯಂದಿರೂ ಬಾಯಿ ಬಿಡುತ್ತಿರಲಿಲ್ಲ.

ನನಗೆ ಇದು ಸುತರಾಂ ಹಿಡಿಸಲಿಲ್ಲ. ಆಗ ಬಿಸಿ ರಕ್ತ. ಸರ್ಕಾರಿ ಸಂಬಳ ತೆಗೆದುಕೊಂಡು ಮೂಢನಂಬಿಕೆಗೆ ತಲೆಬಾಗುವುದೇ? ಒಂದು ದಿನ ಹಾಗೇ ಕೇಳಿದೆ. "ನೀವು ಓದಿದವರು ಸಿಸ್ಟರ್. ಇದೆಲ್ಲ ಸುಳ್ಳು ಅಂತ ಅವರಿಗೆ ತಿಳಿಸಿ ಹೇಳ್ಬೇಕಲ್ವಾ?"

ಅವರು ಹಲ್ಲಿನಲ್ಲಿ ದಾರ ಕಡಿಯುತ್ತ, "ಹೇಳಬೋದು ಕಾಂಪೌಂಡ್ರೇ. ನಾನು ಹೇಳಿ, ಅವರು ವಾದ ಮಾಡಿ, ಅತ್ತೆ ಒಪ್ಪಿ, ಮಾವ ಒಪ್ಪಿ, ಅಷ್ಟೊತ್ತಿಗೆ ಕೂಸು ತಣ್ಣಗಾಗಿರುತ್ತೆ. ವಾದ ನಾಳೆ ಮಾಡಾಣ ಬುಡಿ. ಟೋಪಿ ಇವತ್ತು ಹಾಕಾಣ" ಅಂದರು.

ಅವರ ಮಾತೇ ಹಾಗೆ. ದನಿ ಏರಿಸಿದ್ದನ್ನು ನಾನು ಕೇಳಿಲ್ಲ. ಯಾರು ಏನೇ ಅಂದರೂ ಮೊದಲು "ಹೂಂ, ಸರಿ" ಅನ್ನುತ್ತಿದ್ದರು, ಆಮೇಲೆ ತಮಗೆ ಬೇಕಾದ್ದನ್ನೇ ಮಾಡುತ್ತಿದ್ದರು. ಮಗುವನ್ನು ನೋಡಲು ಹೋದರೆ ಮೊದಲು ಮುಖ ನೋಡುತ್ತಿರಲಿಲ್ಲ, ಅಂಗಾಲಿಗೆ ಬೆರಳಿನ ಹಿಂಬದಿ ತಾಗಿಸಿ ನೋಡುತ್ತಿದ್ದರು. ಕಾಲು ಬೆಚ್ಚಗಿದ್ದರೆ "ಇವನು ನಮ್ಮವನು" ಎಂದು ನಗುವುದು. ಒಮ್ಮೆ ಮೇಲಿನಿಂದ ತಪಾಸಣೆಗೆ ಒಬ್ಬ ಅಧಿಕಾರಿ ಬಂದರು. ಏಪ್ರಿಲ್ ತಿಂಗಳು. ಸಿಸ್ಟರ ತಲೆ ನೋಡಿ, "ಏನಮ್ಮಾ ಇದು? ಯೂನಿಫಾರ್ಮಲ್ಲಿ ಇದೂ ಸೇರಿದೆಯಾ?" ಅಂದರು.

"ಇಲ್ಲ ಸಾರ್. ಹಳೇದ್ ಮಾಡ್ತಾ ಇದೀನಿ ಸಾರ್."

ಸಾಹೇಬರು ನನ್ನ ಕಡೆ ನೋಡಿದರು. ನಾನು ಸೂರಿನ ಕಡೆ ನೋಡಿದೆ. "ತೆಗೀರಿ ಅದನ್ನ" ಅಂದರು. "ಹೂಂ ಸಾರ್" ಎಂದು ತೆಗೆದರು. ಸಾಹೇಬರ ಜೀಪು ತಿರುವು ದಾಟುವಷ್ಟರಲ್ಲಿ ಅದು ಮತ್ತೆ ನೆತ್ತಿಯ ಮೇಲಿತ್ತು. ಆ ದಿನ ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ, ಅವರೂ ನಕ್ಕರು. ಅಂದಿನಿಂದ ನನಗೆ ಅವರ ಮೇಲಿದ್ದ ಕೋಪ ಹೋಯಿತು. ಕೋಪ ಹೋಗಿ ಒಂದು ರೀತಿಯ ಹಕ್ಕು ಬಂತು. ಆ ಹಕ್ಕೇ ನನ್ನನ್ನು ಹಾಳು ಮಾಡಿತು.

ಉಣ್ಣೆ ಎಲ್ಲಿಂದ ಬರುತ್ತಿತ್ತು ಎಂದು ಹೇಳಬೇಕು. ಸಿಸ್ಟರ ತವರು ಹುಣಸೂರು ತಾಲ್ಲೂಕಿನ ಗಾವಡಗೆರೆಯ ಹತ್ತಿರ. ಅಲ್ಲಿ ಕುರಿ ಸಾಕಿಕೊಂಡು ಕಂಬಳಿ ನೇಯುವ ಒಬ್ಬ ಅಜ್ಜ ಇದ್ದ. ಕುರಿಯ ಮೈಯ ಉಣ್ಣೆ ಕತ್ತರಿಸಿ, ಹೆಂಡತಿ ಕೈಯಲ್ಲಿ ನೂಲು ತೆಗೆಸಿ, ವರ್ಷಕ್ಕೆ ಎರಡು ಸಲ ಒಂದು ಚೀಲ ಉಣ್ಣೆ ನೂಲನ್ನು ಹೆಗಲಿಗೆ ಹಾಕಿಕೊಂಡು ಎರಡು ಬಸ್ಸು ಬದಲಾಯಿಸಿ ನಮ್ಮ ಆಸ್ಪತ್ರೆಗೆ ಬರುತ್ತಿದ್ದ. ಸಿಸ್ಟರ್ ಎಷ್ಟು ಒತ್ತಾಯ ಮಾಡಿದರೂ ಕಾಸು ಮುಟ್ಟುತ್ತಿರಲಿಲ್ಲ. "ಕೂಸ್ಗೆ ಅಂತ ಕೊಡಾದು ಕಣವ್ವ" ಎಂದು ಊಟ ಮಾಡಿ, ಜಗಲಿಯಲ್ಲಿ ಒಂದು ನಿದ್ದೆ ತೆಗೆದು ಹೋಗುತ್ತಿದ್ದ. ಅವನ ನೂಲು ಒರಟು. ಕುರಿಯ ವಾಸನೆ. ಚೀಲ ಇಟ್ಟ ಕೋಣೆಗೆಲ್ಲ ಅದೇ ವಾಸನೆ. ಅದು ನನ್ನ ಔಷಧಿ ಕೋಣೆ.

ಒಂದು ವರ್ಷ ದೀಪಾವಳಿಗೆ ಊರಿಗೆ ಹೋಗಿದ್ದೆ. ಬರುವಾಗ ಹುಣಸೂರಿನಲ್ಲಿ ಬಸ್ಸು ಬದಲಾಯಿಸಬೇಕು. ನಿಲ್ದಾಣದ ಎದುರಿನ ಅಂಗಡಿಯಲ್ಲಿ ಉಲನ್ ಉಂಡೆಗಳು ನೇತುಬಿದ್ದಿದ್ದವು. ಗುಲಾಬಿ ಬಣ್ಣ. ಮುಟ್ಟಿದರೆ ಬೆಣ್ಣೆ. ನಮ್ಮ ಸಿಸ್ಟರ್ ಆ ಕರೀ ಕಂಬಳಿ ನೂಲಲ್ಲಿ ಯಾಕೆ ಒದ್ದಾಡಬೇಕು, ಎಳೇ ಕೂಸಿನ ತಲೆಗೆ ಇಂಥದು ಬೇಕಲ್ಲವೇ ಅನ್ನಿಸಿತು. ಹತ್ತು ಉಂಡೆ ತೆಗೆದುಕೊಂಡೆ. ದಾರಿಯುದ್ದಕ್ಕೂ ಚೀಲವನ್ನು ತೊಡೆಯ ಮೇಲೇ ಇಟ್ಟುಕೊಂಡು ಬಂದೆ, ದೊಡ್ಡ ಉಪಕಾರ ಮಾಡುವವನ ಹಾಗೆ.

ಸಿಸ್ಟರ್ ಎಳೆಯನ್ನು ಬೆರಳ ನಡುವೆ ತಿಕ್ಕಿ ನೋಡಿದರು, ಕೆನ್ನೆಗೆ ಒತ್ತಿಕೊಂಡರು. "ಎಷ್ಟ್ ಮೆತ್ತಗದೆ ಕಾಂಪೌಂಡ್ರೇ! ನನಗೋಸ್ಕರ ಹುಣಸೂರಿಂದ ಹೊತ್ಕೊಂಡ್ ಬಂದ್ರಾ?" ಅಂದರು. ಅವರ ಕಣ್ಣು ತುಂಬಿತ್ತು. ಗಂಡ ಸತ್ತು ಇಪ್ಪತ್ತು ವರ್ಷವಾಗಿದ್ದ ಹೆಂಗಸು, ಯಾರಾದರೂ ಏನನ್ನಾದರೂ ತಂದುಕೊಟ್ಟು ಎಷ್ಟು ಕಾಲವಾಗಿತ್ತೋ. ಆ ಕ್ಷಣವೇ ಸೈಕಲ್ ಕಡ್ಡಿ ಕೈಗೆ ಬಂತು. ವಾರದಲ್ಲಿ ಗುಲಾಬಿ ಟೋಪಿ ನೆತ್ತಿಯ ಮೇಲೇರಿತು. ನೋಡಿದವರಿಗೆಲ್ಲ "ನಮ್ ಕಾಂಪೌಂಡ್ರು ತಂದ್ಕೊಟ್ಟಿದ್ದು" ಎಂದು ಹೇಳುತ್ತಿದ್ದರು. ನಾನು ಬೀಗಿದೆ.

ಅದಾಗಿ ಹದಿನೈದು ದಿನಕ್ಕೆ ಅಜ್ಜ ಬಂದ. ಸಿಸ್ಟರ್ ಚುಚ್ಚುಮದ್ದಿಗೆಂದು ಬೇರೆ ಹಳ್ಳಿಗೆ ಹೋಗಿದ್ದರು. ಅಜ್ಜ ಚೀಲ ಇಳಿಸಿ ಬಾಗಿಲಲ್ಲಿ ಕೂತ. ಕೋಣೆಗೆ ಮತ್ತೆ ಆ ವಾಸನೆ ಹೊಕ್ಕಿತು. ನನಗೆ ಯಾಕೆ ಆ ದುರ್ಬುದ್ಧಿ ಬಂತೋ!

"ಅಜ್ಜ, ಇನ್ನು ಮೇಲೆ ನೀನು ಇಷ್ಟು ದೂರ ಹೊತ್ಕೊಂಡು ಬರೋದು ಬೇಡ ಕಣೋ. ಸಿಸ್ಟರಿಗೆ ಒಳ್ಳೇ ಉಲನ್ ಸಿಕ್ಕಿದೆ. ನಿಂದು ಚುಚ್ಚುತ್ತೆ."

ಅಜ್ಜ ನನ್ನ ಮುಖವನ್ನೇ ನೋಡಿದ. "ಅವ್ವನೇ ಅಂಗಂದ್ರಾ ಸ್ವಾಮಿ?"

ಇಲ್ಲ, ಅವರು ಹಾಗೆ ಹೇಳಿಲ್ಲ, ನಾನೇ ಹೇಳುತ್ತಿದ್ದೇನೆ ಎನ್ನಬಹುದಿತ್ತು. "ಹೂಂ, ಅವರೇ ಅಂದ್ರು" ಅಂದೆ. ಒಂದು ಸುಳ್ಳು, ಅದೂ ಅವರ ಹೆಸರಿನಲ್ಲಿ. ಅಜ್ಜ ಕುಡಿಯಲು ನೀರು ಕೇಳಿದ. ಕುಡಿದು ಲೋಟವನ್ನು ತಾನೇ ತೊಳೆದಿಟ್ಟ. ಚೀಲವನ್ನು ಮತ್ತೆ ಹೆಗಲಿಗೆ ಹಾಕಿಕೊಂಡು ಬಸ್ಸಿನ ಕಡೆ ನಡೆದ. ಊಟದ ಹೊತ್ತಾಗಿತ್ತು, ಊಟ ಮಾಡಿ ಹೋಗು ಎನ್ನಲೂ ನನಗೆ ಬಾಯಿ ಬರಲಿಲ್ಲ.

ಸಂಜೆ ಸಿಸ್ಟರ್ ಬಂದರು, ನಾನು ಹೇಳಲಿಲ್ಲ. ಮಾರನೆ ದಿನವೂ ಹೇಳಲಿಲ್ಲ. ವಾರ ಕಳೆದ ಮೇಲೆ ಹೇಳುವುದು ಹೇಗೆ? ಕಾರ್ತಿಕ ಮುಗಿಯುತ್ತ ಬಂದಾಗ ಸಿಸ್ಟರ್ ಬಸ್ಸು ಬಂದಾಗೆಲ್ಲ ಎದ್ದು ನೋಡತೊಡಗಿದರು. "ಅಜ್ಜ ಯಾಕೋ ಈ ಸಲ ಬರ್ಲಿಲ್ಲ. ಮೈಗೆ ಹುಷಾರಿಲ್ವೋ ಏನೋ." ನಾನು ಮಾತ್ರೆ ಎಣಿಸುವವನಂತೆ ತಲೆ ತಗ್ಗಿಸಿಕೊಂಡಿರುತ್ತಿದ್ದೆ. ಹಳೇ ಕರೀ ಟೋಪಿ ಎರಡಿದ್ದವು, ಎರಡೂ ಎರಡು ಕೂಸಿಗೆ ಹೋದವು. ಉಳಿದವು ಗುಲಾಬಿಯವು ಮಾತ್ರ. ಸಿಸ್ಟರಿಗೂ ಅದರಲ್ಲಿ ಅನುಮಾನ ಇರಲಿಲ್ಲ. ಕುರಿಯ ಮೈಮೇಲೆ ಬೆಳೆಯದ ಉಲನ್ನೂ ಇರುತ್ತದೆ, ಅದನ್ನು ಕಾರ್ಖಾನೆಯಲ್ಲಿ ಪ್ಲಾಸ್ಟಿಕ್ಕಿನ ಜಾತಿಯ ಎಳೆಯಿಂದ ಮಾಡುತ್ತಾರೆ ಎಂದು ಆ ಹಳ್ಳಿಯಲ್ಲಿ ನಮಗೆ ಯಾರಿಗೆ ಗೊತ್ತಿತ್ತು?

ಮಾಗಿಯ ಒಂದು ದಿನ ಬೆಳಿಗ್ಗೆ ಆರೂವರೆಗೆ ಎತ್ತಿನ ಗಾಡಿಯಲ್ಲಿ ಒಬ್ಬ ಹುಡುಗಿಯನ್ನು ಕರೆತಂದರು. ಹತ್ತೊಂಬತ್ತು ವರ್ಷ ಇರಬಹುದು, ಚೊಚ್ಚಲು. ಎಂಟು ತಿಂಗಳೂ ತುಂಬಿಲ್ಲ. ಜೊತೆಗೆ ಅತ್ತೆ. ಮಂಜು ಎಂದರೆ ಎದುರಿನ ಹೊಂಗೆಮರ ಕಾಣುತ್ತಿರಲಿಲ್ಲ. ಡಾಕ್ಟರು ಹಿಂದಿನ ದಿನವೇ ಮೀಟಿಂಗಿಗೆಂದು ಹೋದವರು ಬಂದಿರಲಿಲ್ಲ. ಸಿಸ್ಟರ್ ಹೊಟ್ಟೆ ಮುಟ್ಟಿ ನೋಡಿ ಹೊರಗೆ ಬಂದು, "ಕೂಸು ಬಲು ಸಣ್ಣದು ಕಾಂಪೌಂಡ್ರೇ. ಮೈಸೂರಿಗೇ ಕಳಿಸ್ಬೇಕಾಗುತ್ತೆ. ಮಾದೇಶನಿಗೆ ಹೇಳಿಕಳಿಸಿ. ನೀರು ಇಡಿ" ಅಂದರು. ತಲೆಯ ಮೇಲಿನ ಗುಲಾಬಿ ಟೋಪಿ ತೆಗೆದು ಕೈಗೆ ಕೊಟ್ಟರು.

ನಾನೇ ಸ್ಟವ್ ಹತ್ತಿಸಿದೆ. ಸೋಪು ಹೆರೆದು ಹಾಕಿದೆ. ನೀರು ಕುದಿ ಬಂದಾಗ ಟೋಪಿ ಅದ್ದಿ, ಕೋಲಿನಿಂದ ಎತ್ತಿ, ಹಿತ್ತಲ ಕಲ್ಲಿಗೆ ಹಾಕಿ ಬಡಿದೆ. ಬಿಡಿಸಿ ನೋಡಿದರೆ ಹಾಗೇ ಇದೆ. ಮತ್ತೆ ಅದ್ದಿದೆ, ಮತ್ತೆ ಬಡಿದೆ. ಹಾಗೇ ಇದೆ. ಕರೀ ಉಣ್ಣೆಯಾದರೆ ಮೂರನೇ ಸಲಕ್ಕೆ ಅಂಗೈಯಲ್ಲೇ ಬಿಗಿಯುವುದು ತಿಳಿಯುತ್ತಿತ್ತು. ಇದು ನೀರು ಹಿಂಡಿದ ತಕ್ಷಣ ಮೊದಲಿನಷ್ಟೇ ಅಗಲಕ್ಕೆ ಮೆತ್ತಗೆ ಬಿಚ್ಚಿಕೊಳ್ಳುತ್ತಿತ್ತು. ಏಳೂವರೆಗೆ ಸಿಸ್ಟರ್ ಓಡಿಬಂದು ನೋಡಿದರು. "ನೀರು ಕಾದಿಲ್ಲ ಕಣ್ರೀ" ಎಂದು ಮತ್ತೆ ಒಳಗೆ ಓಡಿದರು. ನೀರು ಕೊತಕೊತ ಕುದಿಯುತ್ತಿತ್ತು. ನನ್ನ ಬೆರಳೆಲ್ಲ ಬೊಬ್ಬೆ ಎದ್ದಿತ್ತು.

ಎಂಟೂವರೆಗೆ ಮಗು ಹುಟ್ಟಿತು. ಹೆಣ್ಣು. ಬೆಕ್ಕಿನ ಮರಿಯಷ್ಟು ಸದ್ದು ಮಾಡಿತು. ಸಿಸ್ಟರ್ ಅದನ್ನು ಒರೆಸಿ, ತಾಯಿಯ ಬರೀ ಎದೆಯ ಮೇಲೆ ಮಲಗಿಸಿ, ಪಂಚೆ ಸುತ್ತಿ, ಮೇಲೆ ಎರಡು ಕಂಬಳಿ ಹೊದಿಸಿದರು. ತಲೆಗೂ ಪಂಚೆಯ ತುಂಡನ್ನೇ ಸುತ್ತಿದ್ದರು. ಜೀಪು ಬಂದು ಬಾಗಿಲಲ್ಲಿ ನಿಂತಿತು. ಮಾದೇಶ ಎಂಜಿನ್ ಆರಿಸದೆ ಹಾರನ್ ಹೊಡೆದ.

ಸಿಸ್ಟರ್ ಹಿತ್ತಲಿಗೆ ಬಂದರು. "ಆ ಬಟ್ಟೆ ನಿಲ್ಲಲ್ಲ ಕಾಂಪೌಂಡ್ರೇ. ಗಾಡಿ ಎರಡು ಗುಂಡಿ ಹಾರಿದ್ರೆ ಬಿಚ್ಕೊಂಡು ಹೋಗುತ್ತೆ, ನಾನ್ ನೋಡಿದೀನಿ. ತಲೆಗೆ ಗಾಳಿ ಹೊಡೀತದೆ. ಕೊಡಿ ಇಲ್ಲಿ. ನೀವು ಸರಿಯಾಗಿ ಬಡೀತಿಲ್ಲ." ನನ್ನ ಕೈಯಿಂದ ಟೋಪಿ ಕಿತ್ತುಕೊಂಡು ತಾವೇ ಕುದಿಯುವ ನೀರಿಗೆ ಕೈ ಹಾಕಿದರು. ಬಡಿದರು. ಸೀರೆಯ ಸೆರಗು ನೆನೆಯಿತು, ತುರುಬು ಬಿಚ್ಚಿಹೋಯಿತು. ಆ ಹೆಂಗಸು ಹಾಗೆ ಬಡಿಯುವುದನ್ನು ನಾನು ನೋಡಿರಲಿಲ್ಲ. ಬಿಡಿಸಿದರೆ ಅಷ್ಟೇ ಅಗಲ. ಗುಲಾಬಿ ಬಣ್ಣ ಸಹ ಮಾಸಿರಲಿಲ್ಲ.

"ಸಿಸ್ಟ್ರೇ, ಒತ್ತಾಯ್ತದೆ!" ಮಾದೇಶ ಕೂಗಿದ.

"ಬಂದೆ ಕಣಪ್ಪ. ಇನ್ನೊಂದೇ ಸಲ."

ಅತ್ತೆ ಬಾಗಿಲಿಗೆ ಬಂದು, "ಅದ್ಯಾಕವ್ವ ಅದ್ರು ಮ್ಯಾಲ್ ಅಂಗ್ ಬಡ್ದಾಡ್ತೀಯೆ? ಬಾರವ್ವ, ಕೂಸು ಸೊಲ್ಲೇ ಎತ್ತಾ ಇಲ್ಲ" ಎಂದು ಅಳತೊಡಗಿದಳು.

"ಇನ್ನೊಂದೇ ಸಲ ಅವ್ವ. ಆಗ್ತದೆ. ಯಾವತ್ತೂ ಆಗ್ತಿತ್ತು."

ಇನ್ನೊಂದು ಸಲ, ಮತ್ತೊಂದು ಸಲ. ಅರ್ಧ ಗಂಟೆ ಹೋಯಿತು. ಮೂರು ಹೆಜ್ಜೆ ದೂರದಲ್ಲಿ ನಾನು ನಿಂತಿದ್ದೆ. ಅಜ್ಜ ಬಂದಿದ್ದ, ಅವನ ಚೀಲ ತುಂಬ ಉಣ್ಣೆ ಇತ್ತು, ನಾನೇ ವಾಪಸು ಅಟ್ಟಿದೆ ಎಂದು ಕೂಗಿ ಹೇಳಬೇಕು ಅನ್ನಿಸಿತು. ಹೇಳಿ ಏನು ಉಪಯೋಗ? ಹಿಂದೆ ಕೊಟ್ಟ ಟೋಪಿಗಳೆಲ್ಲ ಯಾವ್ಯಾವುದೋ ಊರಿನಲ್ಲಿದ್ದವು. ಸುಮ್ಮನೆ ನಿಂತಿದ್ದೆ, ಅಷ್ಟೇ. ಕೊನೆಗೆ ಸಿಸ್ಟರ್ ಟೋಪಿಯನ್ನು ಕಲ್ಲಿನ ಮೇಲೇ ಬಿಟ್ಟು, ಬೆಂದು ಕೆಂಪಗಾದ ಕೈಯಲ್ಲಿ ತಮ್ಮ ಸೆರಗಿನ ನೆನೆಯದ ಕಡೆಯನ್ನು ಹರಿದುಕೊಂಡು ಓಡಿದರು. ಜೀಪು ಹೊರಟಿತು.

ಮೈಸೂರಿನ ದಾರಿಯಲ್ಲಿ ಹಂಪಾಪುರ ದಾಟಿದ ಮೇಲೆ ಮಗು ಹೋಯಿತಂತೆ. ಮಾದೇಶ ಹೇಳಿದ್ದು. ತಲೆಗೆ ಕಟ್ಟಿದ್ದ ಬಟ್ಟೆಯನ್ನು ಸಿಸ್ಟರ್ ದಾರಿಯುದ್ದಕ್ಕೂ ಅಂಗೈಯಲ್ಲಿ ಒತ್ತಿ ಹಿಡಿದಿದ್ದರಂತೆ. ಸಂಜೆ ಅವರು ಬಂದಾಗ ನಾನು ಜಗಲಿಯಲ್ಲಿ ಕೂತಿದ್ದೆ. "ಕಾಲು ತಣ್ಣಗಾಗೋಯ್ತು ಕಾಂಪೌಂಡ್ರೇ" ಅಂದರು, ಒಳಗೆ ಹೋದರು. ಆಮೇಲೆ ಡಾಕ್ಟರು, ಅಷ್ಟು ಸಣ್ಣ ಕೂಸು, ಅಷ್ಟು ದೂರದ ದಾರಿ, ಟೋಪಿ ಇದ್ದಿದ್ದರೂ ಕಷ್ಟವೇ ಇತ್ತು ಎಂದರು. ಇರಬಹುದು. ಹಾಗಂದುಕೊಂಡು ಎಷ್ಟೋ ರಾತ್ರಿ ಮಲಗಲು ನೋಡಿದ್ದೇನೆ, ನಿದ್ದೆ ಬಂದಿಲ್ಲ.

ವಾರದ ನಂತರ ರಜೆ ಹಾಕಿ ಗಾವಡಗೆರೆಯ ಕಡೆ ಅಜ್ಜನನ್ನು ಹುಡುಕಿಕೊಂಡು ಹೋದೆ. ಮನೆಯ ಮುಂದೆ ಕುರಿಹಟ್ಟಿ ಖಾಲಿ. "ಮೇವಿನ್ ಜಾಗೆಲ್ಲ ಒಗೆಸೊಪ್ ಆಕ್ಬುಟ್ರು ಸ್ವಾಮಿ. ಅವ್ವನೂ ಬ್ಯಾಡ ಅಂದ್ಮ್ಯಾಲೆ ಇನ್ಯಾರ್ಗೆ ಅಂತ ಮಾರ್ಬುಟ್ಟೆ" ಅಂದ. ಆ ಚೀಲದ ಉಣ್ಣೆ ಏನಾಯಿತು ಎಂದು ಕೇಳಿದೆ. ಕುರಿಯ ಜೊತೆಗೇ ಕೊಟ್ಟುಬಿಟ್ಟೆ ಅಂದ. ಅವ್ವ ಬೇಡ ಅಂದಿರಲಿಲ್ಲ, ಸುಳ್ಳು ಹೇಳಿದವನು ನಾನು ಎಂದು ಅಲ್ಲಿಯೂ ನನಗೆ ಹೇಳಲಾಗಲಿಲ್ಲ. ಅವನ ಹೆಂಡತಿ ಕೊಟ್ಟ ಮಜ್ಜಿಗೆ ಕುಡಿದು ಎದ್ದು ಬಂದೆ.

ಸಿಸ್ಟರ್ ಆಮೇಲೆ ಟೋಪಿ ಹೆಣೆಯಲಿಲ್ಲ. ಹಳೇ ಬಟ್ಟೆಯನ್ನೇ ಎರಡು ಮಡಿಕೆ ಮಾಡಿ, ಗಲ್ಲದ ಕೆಳಗೆ ದಾರ ಕಟ್ಟುವ ಹಾಗೆ ಹೊಲಿಯುತ್ತಿದ್ದರು. ನನ್ನನ್ನು ಒಂದು ದಿನವೂ ಏನೂ ಕೇಳಲಿಲ್ಲ, ಆ ಉಲನ್ನಿನ ಮಾತನ್ನೇ ಎತ್ತಲಿಲ್ಲ. ನನಗೆ ಹುಣಸೂರಿನ ಕಡೆಗೆ ವರ್ಗವಾಯಿತು, ಅವರು ನಿವೃತ್ತರಾಗಿ ತವರಿಗೆ ಹೋದರು. ವರ್ಷಕ್ಕೊಮ್ಮೆ ಹೋಗಿ ನೋಡಿ ಬರುತ್ತಿದ್ದೆ. ಪ್ರತಿ ಸಲವೂ ಹೇಳಿಯೇ ತೀರಬೇಕು ಎಂದು ಹೋಗುವುದು, ರೊಟ್ಟಿ ತಿಂದು ಬರುವುದು.

ಈ ವರ್ಷದ ಮೊದಲಲ್ಲಿ ಅವರಿಗೆ ಲಕ್ವ ಹೊಡೆದಿದೆ ಎಂದು ತಿಳಿಯಿತು. ಹೋದೆ. ಅವರನ್ನು ನೋಡಿಕೊಳ್ಳುತ್ತಿದ್ದ ಅಣ್ಣನ ಮಗಳು ಬಾಗಿಲಲ್ಲೇ, "ಯಾರ್ನೂ ಗುರ್ತ್ ಇಡಿಯಲ್ಲ ಸಾರ್, ಏನೇನೋ ಮಾತಾಡ್ತಾರೆ, ಬೇಜಾರ್ ಮಾಡ್ಕೋಬೇಡಿ" ಅಂದಳು. ಮಂಚದ ಪಕ್ಕ ಕೂತೆ. ಒಳ್ಳೆಯದೇ ಆಯಿತು, ಗುರುತು ಹಿಡಿಯದಿದ್ದರೆ ಹೇಳುವುದು ಸುಲಭ ಅನ್ನಿಸಿತು. ನಾನು ಎಷ್ಟು ಹೇಡಿ ಎಂದರೆ ಅದಕ್ಕೂ ಸಂತೋಷಪಟ್ಟೆ.

"ಸಿಸ್ಟರ್, ಅವತ್ತು ಅಜ್ಜ ಬಂದಿದ್ದ" ಎಂದು ಶುರು ಮಾಡಿದೆ.

ಅವರು ತಲೆ ಹೊರಳಿಸಿ ನನ್ನನ್ನು ನೋಡಿದರು. ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು, ಮಾತು ತೊದಲುತ್ತಿತ್ತು, ಆದರೂ ತಿಳಿಯಿತು. "ಕಾಂಪೌಂಡ್ರೇ, ಟೋಪಿ ಆಯ್ತಾ?"

ಇಷ್ಟು ವರ್ಷ ಅವರು ಆ ಕಲ್ಲಿನ ಹತ್ತಿರವೇ ನಿಂತಿದ್ದರೇ?

"ಆಯ್ತು ಸಿಸ್ಟರ್" ಅಂದೆ. "ಸರಿಯಾಗಿ ಕುಗ್ಗಿದೆ. ಅಳತೆಗೆ ಕೂತಿದೆ."

ಅವರ ಮುಖ ಸಡಿಲವಾಯಿತು. ಆಮೇಲೆ ಆಡುತ್ತಿದ್ದ ಒಂದೇ ಕೈಯಿಂದ ನನ್ನ ಕೈಯನ್ನು ದೂರ ತಳ್ಳಿದರು, ಜೋರಾಗಿಯೇ ತಳ್ಳಿದರು.

"ಮತ್ತೆ ಇನ್ನೂ ಯಾಕ್ ನಿಂತಿದೀವಿ? ನನ್ನಿಂದ ಎಷ್ಟೊತ್ತ್ ಆಗೋಯ್ತು! ಹೊರಡಿ, ಹೊರಡಿ, ಕೂಸು ಕಾಯ್ತಾ ಅದೆ."

ನಾನು ಎದ್ದು ಹೊರಟೆ.